ತಡವಾಗಿ ತಿಳಿಯುವ ಒಲವು: ಕನ್ನಡ ಕಾದಂಬರಿಯ ಓದಿನಲ್ಲಿ ಒಂದು ಕೊರತೆ

1

ಕನ್ನಡ ಕಾದಂಬರಿಗಳಲ್ಲಿನ ಪ್ರೇಮನಿರೂಪಣೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಮೂರು ಪ್ರಶ್ನೆಗಳ ಸುತ್ತ ತಿರುಗುತ್ತದೆ. ಗಂಡು ಹೆಣ್ಣು ಎಲ್ಲಿ ಸಂಧಿಸಿದರು, ಅವರ ನಡುವೆ ಜಾತಿ, ಮನೆತನ, ಸಂಪ್ರದಾಯಗಳಲ್ಲಿ ಯಾವುದು ಅಡ್ಡ ಬಂದಿತು, ಕಡೆಗೆ ಅದು ಮದುವೆಯಲ್ಲಿ ಮುಗಿಯಿತೋ ಮರಣದಲ್ಲಿ ಮುಗಿಯಿತೋ ಎಂಬುವೇ ಆ ಪ್ರಶ್ನೆಗಳು. ತರಗತಿಯ ಟಿಪ್ಪಣಿಗಳೂ ಪರೀಕ್ಷೆಯ ಉತ್ತರಗಳೂ ಈ ಚೌಕಟ್ಟನ್ನು ದಾಟುವುದು ಅಪರೂಪ. ಇಲ್ಲಿ ಪ್ರೇಮವು ಒಂದು ಘಟನೆಯಾಗಿ ಪರಿಗಣಿತವಾಗುತ್ತದೆಯೇ ಹೊರತು ಒಂದು ಕಾಲಾವಧಿಯಾಗಿ ಅಲ್ಲ.

ಆದರೆ ಕಾದಂಬರಿ ಎಂಬ ಪ್ರಕಾರ ಪ್ರೇಮಕ್ಕೆ ಕೊಟ್ಟ ನಿಜವಾದ ಕೊಡುಗೆ ಇರುವುದು ಕಾಲಾವಧಿಯಲ್ಲಿಯೇ. ಒಲವು ಹುಟ್ಟಿದ ಹೊತ್ತು ಬೇರೆ, ಅದು ಒಲವೆಂದು ಪಾತ್ರಕ್ಕೆ ತಿಳಿದ ಹೊತ್ತು ಬೇರೆ. ಈ ಎರಡು ಹೊತ್ತುಗಳ ನಡುವಣ ಅಂತರದಲ್ಲಿ ದಿನಗಳು ಕಳೆಯಬಹುದು, ವರ್ಷಗಳೂ ಕಳೆಯಬಹುದು. ಪಾತ್ರಗಳು ಒಟ್ಟಿಗೆ ಕೆಲಸ ಮಾಡುತ್ತವೆ, ವಾದ ಮಾಡುತ್ತವೆ, ಒಂದರ ಗೈರುಹಾಜರಿಯಲ್ಲಿ ಮತ್ತೊಂದು ಕಾರಣ ತಿಳಿಯದೆ ಬೇಸರಪಡುತ್ತದೆ. ಓದುಗನಿಗೆ ಎಷ್ಟೋ ಮೊದಲೇ ತಿಳಿದುಹೋದ ಸಂಗತಿ ಪಾತ್ರಕ್ಕೆ ಕಡೆಯಲ್ಲಿ ತಿಳಿಯುತ್ತದೆ. ಈ ತಡವಾದ ತಿಳಿವಳಿಕೆಯ ಕ್ಷಣವನ್ನು ಹೆಸರಿಸಲು ಕನ್ನಡ ವಿಮರ್ಶೆಯಲ್ಲಿ ನೆಲೆನಿಂತ ಒಂದು ಪರಿಭಾಷೆ ಇಲ್ಲ. ಹೆಸರಿಲ್ಲದ ಕಾರಣ ಅದರ ಅಧ್ಯಯನವೂ ಬಿಡಿಬಿಡಿಯಾಗಿಯೇ ಉಳಿದಿದೆ. ಈ ಕೊರತೆ ಕೇವಲ ಪರಿಭಾಷೆಯ ಕೊರತೆಯಲ್ಲ. ಅದು ಹೆಣ್ಣುಪಾತ್ರಗಳ ಬಗೆಗಿನ ತೀರ್ಪುಗಳನ್ನೇ ತಪ್ಪುದಾರಿಗೆ ಎಳೆದಿದೆ.

2

ಈ ಕೊರತೆಗೆ ಒಂದು ಕಾರಣವನ್ನು ಪ್ರಾಚೀನ ಕಾವ್ಯದ ಬೋಧನೆಯಲ್ಲಿ ಕಾಣಬಹುದು. ಅಲಂಕಾರಶಾಸ್ತ್ರದ ಪೂರ್ವರಾಗದ ಕಲ್ಪನೆಯಲ್ಲಿ ಒಲವು ಹುಟ್ಟುವ ದಾರಿಗಳು ಗೊತ್ತಾಗಿವೆ: ಪ್ರತ್ಯಕ್ಷದರ್ಶನ, ಚಿತ್ರದರ್ಶನ, ಸ್ವಪ್ನದರ್ಶನ, ಗುಣಶ್ರವಣ. ನಾಗವರ್ಮನ 'ಕರ್ಣಾಟಕ ಕಾದಂಬರಿ'ಯ ಮಹಾಶ್ವೇತೆ ಪುಂಡರೀಕನನ್ನು ಕಂಡ ಗಳಿಗೆಯಲ್ಲಿಯೇ ಸೋಲುತ್ತಾಳೆ. ನೇಮಿಚಂದ್ರನ 'ಲೀಲಾವತೀ ಪ್ರಬಂಧ'ದಲ್ಲಿ ನಾಯಕ ನಾಯಿಕೆಯರು ಕನಸಿನಲ್ಲಿ ಪರಸ್ಪರರನ್ನು ಕಂಡು ಮೋಹಗೊಳ್ಳುತ್ತಾರೆ. ಜನ್ನನ 'ಯಶೋಧರ ಚರಿತೆ'ಯ ಅಮೃತಮತಿಗೆ ಇರುಳಿನಲ್ಲಿ ಕೇಳಿದ ಮಾವುತನ ಹಾಡೇ ಸಾಕಾಗುತ್ತದೆ. ಕಣ್ಣು, ಕಿವಿ, ಕನಸು ಈ ಮೂರರಲ್ಲಿ ಯಾವುದೇ ಆದರೂ ಒಲವು ಹುಟ್ಟುವುದಕ್ಕೂ ಅದು ತಿಳಿಯುವುದಕ್ಕೂ ನಡುವೆ ಅಂತರವಿಲ್ಲ. ತಿಳಿದ ಮೇಲಿನ ತಾಪ, ವಿರಹ, ಸಮಾಗಮಗಳೇ ಕವಿಯ ವರ್ಣನೆಯ ವಸ್ತು.

ಇದು ಚಂಪೂಕಾವ್ಯದ ದೋಷವಲ್ಲ. ಅದರ ಕಲಾವಿಧಾನ ಬೇಡಿದ್ದೇ ಅದನ್ನು. ತೊಡಕು ಬರುವುದು, ಈ ಕಾವ್ಯಗಳನ್ನು ಪಾಠ ಹೇಳಿದ ಕಣ್ಣಿನಿಂದಲೇ ಕಾದಂಬರಿಯನ್ನೂ ಓದಿದಾಗ. ಆಗ 'ಪ್ರಥಮ ದರ್ಶನ'ವನ್ನು ಹುಡುಕುವ ಅಭ್ಯಾಸ ಕಾದಂಬರಿಯ ಮೇಲೂ ಹೇರಲ್ಪಡುತ್ತದೆ. ಪ್ರಥಮ ದರ್ಶನದಲ್ಲಿ ಏನೂ ಸಂಭವಿಸದ ಕಥೆಗಳು 'ಪ್ರೇಮದ ನಿರೂಪಣೆಯಲ್ಲಿ ತೀವ್ರತೆ ಸಾಲದು' ಎಂಬ ಷರಾಕ್ಕೆ ಗುರಿಯಾಗುತ್ತವೆ.

ಹಾಗೆಂದು ಪರಂಪರೆಯಲ್ಲಿ ಇದಕ್ಕೆ ಒದಗುವ ಪರಿಕಲ್ಪನೆಯೇ ಇಲ್ಲವೆನ್ನಲಾಗದು. ಕ್ರಿ.ಶ. ಒಂಬತ್ತನೆಯ ಶತಮಾನದ ಆನಂದವರ್ಧನ ತನ್ನ 'ಧ್ವನ್ಯಾಲೋಕ'ದಲ್ಲಿ ರಸಾದಿಗಳ ವ್ಯಂಜನೆಯನ್ನು 'ಅಸಂಲಕ್ಷ್ಯಕ್ರಮ' ಎಂದು ಕರೆದ. ಕ್ರಮವೊಂದು ಇದ್ದೇ ಇದೆ, ಆದರೆ ಅದು ಕ್ರಮವೆಂದು ಗಮನಕ್ಕೆ ಬಾರದು ಎಂಬುದು ಇದರ ತಾತ್ಪರ್ಯ. ಅದೇ ಶತಮಾನದಲ್ಲಿ, ಇಂದು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿಗೆ ಸೇರಿದ ಮಳಖೇಡದಲ್ಲಿ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ನೃಪತುಂಗನ ಆಶ್ರಯದಲ್ಲಿ ರೂಪುಗೊಂಡ 'ಕವಿರಾಜಮಾರ್ಗ' ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಹೆಸರಿಸಿದೆ. ಆನಂದವರ್ಧನ ಸಹೃದಯನ ಅನುಭವವನ್ನು ಕುರಿತು ಹೇಳಿದ ಮಾತನ್ನು ಪಾತ್ರದ ಅನುಭವಕ್ಕೆ ವಿಸ್ತರಿಸುವುದು ಸ್ವಾತಂತ್ರ್ಯ ವಹಿಸಿದಂತೆಯೇ ಸರಿ. ಆದರೆ ಆ ವಿಸ್ತರಣೆ ಉಪಯುಕ್ತ. ತಡವಾಗಿ ತಿಳಿಯುವ ಒಲವು ಕ್ರಮವಿಲ್ಲದ ಒಲವಲ್ಲ, ಪಾತ್ರಕ್ಕೆ ಕ್ರಮ ಗೋಚರಿಸದ ಒಲವು. ಆ ಕ್ರಮವನ್ನು ಪಾತ್ರಕ್ಕಿಂತ ಮೊದಲು ಕಾಣುವುದು ಓದುಗನ ಕೆಲಸ. ಕಂಡದ್ದನ್ನು ವಿವರಿಸುವುದು ವಿಮರ್ಶಕನ ಕೆಲಸ.

3

ಆಧುನಿಕ ಕನ್ನಡ ಕಥನದಲ್ಲಿ ಈ ಅರಿವು ಒದಗುವ ದಾರಿಗಳು ಕನಿಷ್ಠ ಮೂರು. ಒಂದು, ಸಾಮೀಪ್ಯ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಗಾಡಿ ಉರುಳಿ ಪೆಟ್ಟು ತಿಂದ ಹೂವಯ್ಯ ಮುತ್ತಳ್ಳಿಯಲ್ಲಿ ಉಳಿದು ಆರೈಕೆ ಪಡೆಯುತ್ತಾನೆ. ಸೀತೆ ಅವನಿಗೆ ಹೊಸಬಳಲ್ಲ, ನಂಟರ ಮನೆಯ ಹುಡುಗಿ. ಮೊದಲೇ ಗೊತ್ತಿದ್ದವಳನ್ನು ಹೊಸದಾಗಿ ಗುರುತಿಸುವುದೇ ಅಲ್ಲಿನ ಪ್ರೇಮದ ಸ್ವರೂಪ. ಅದು ಮಾತಿನಲ್ಲಿ ತನ್ನನ್ನು ತಾನು ಹೇಳಿಕೊಳ್ಳುವ ಮೊದಲೇ ಹಿರಿಯರು ಸೀತೆಯನ್ನು ರಾಮಯ್ಯನಿಗೆ ಗೊತ್ತುಮಾಡುತ್ತಾರೆ. ಅರಿವಿನ ತಡವೂ ಹೊರಗಿನ ಅವಸರವೂ ಢಿಕ್ಕಿ ಹೊಡೆಯುವ ಸ್ಥಳದಲ್ಲಿ ಆ ಕಾದಂಬರಿಯ ದುಃಖವಿದೆ.

ಎರಡು, ಕಳೆದುಕೊಳ್ಳುವ ಭೀತಿ. 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಮುಕುಂದಯ್ಯ ಮತ್ತು ಚಿನ್ನಮ್ಮ ಎಳವೆಯಿಂದ ಬಲ್ಲವರು. ಸಿಂಬಾವಿಯ ಭರಮೈಹೆಗ್ಗಡೆಯೊಡನೆ ಚಿನ್ನಮ್ಮನ ಮದುವೆ ನಿಶ್ಚಯವಾದಾಗ ಆ ಬಳಕೆಗೆ ಬೇರೊಂದು ಹೆಸರು ಅನಿವಾರ್ಯವಾಗುತ್ತದೆ. ಮತ್ತೊಬ್ಬರ ಪಾಲಾಗುವ ಸಂಭವವೇ ತನ್ನದು ಯಾವುದೆಂದು ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಜೇನ್ ಆಸ್ಟಿನ್ ತನ್ನ 'ಎಮ್ಮಾ' (1815) ಕಾದಂಬರಿಯಲ್ಲಿ ಇದೇ ತಂತ್ರವನ್ನು ಬೇರೊಂದು ಸಮಾಜದ ಹಿನ್ನೆಲೆಯಲ್ಲಿ ಬಳಸಿದ್ದಳು. ಗೆಳತಿಯೊಬ್ಬಳು ನೈಟ್ಲಿಯ ಮೇಲೆ ಮನಸ್ಸಿಟ್ಟಿದ್ದಾಳೆಂದು ತಿಳಿದಾಗಲೇ ಎಮ್ಮಾಳಿಗೆ ತನ್ನ ಮನಸ್ಸು ತಿಳಿಯುವುದು. ಆದರೆ ವ್ಯತ್ಯಾಸ ಗಮನಾರ್ಹ. ಎಮ್ಮಾ ತಿಳಿದುಕೊಂಡ ಮೇಲೆ ಕಾಯಬಲ್ಲಳು. ಚಿನ್ನಮ್ಮ ತಿಳಿದ ಮೇಲೆ ಮದುವೆಯ ಮನೆಯನ್ನು ಬಿಟ್ಟು ಕಾಡಿಗೆ ಓಡಬೇಕು.

ಮೂರು, ಒಟ್ಟಿಗೆ ಮಾಡುವ ಕೆಲಸ. ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' (1965) ಕಾದಂಬರಿಯ ಇತಿಹಾಸಕಾರ ಸದಾಶಿವರಾವ್ ಮತ್ತು ಸಿಂಹಳದ ಸಂಶೋಧನ ವಿದ್ಯಾರ್ಥಿನಿ ಕರುಣರತ್ನೆ ಇವರ ಸಂಬಂಧ ಇದಕ್ಕೆ ಉತ್ತಮ ನಿದರ್ಶನ. ಅವರಿಬ್ಬರನ್ನು ಹತ್ತಿರ ತಂದುದು ರೂಪವಲ್ಲ, ಏಕಾಂತವೂ ಅಲ್ಲ, ಗ್ರಂಥರಚನೆ. ಆಕರ, ಅಧ್ಯಾಯ, ಕರಡು ಎಂಬ ಮಾತುಗಳಲ್ಲಿಯೇ ಸಂಬಂಧ ಬೆಳೆಯುತ್ತದೆ. ಕೆಲಸದ ಜೊತೆಗಾತಿಯಿಲ್ಲದೆ ಕೆಲಸವೇ ಸಾಗದು ಎನಿಸಿದಾಗ, ಬೇಕಾದುದು ಕೆಲಸದ ನೆರವು ಮಾತ್ರವೋ ಅಥವಾ ಆ ವ್ಯಕ್ತಿಯೋ ಎಂಬ ಪ್ರಶ್ನೆ ಏಳುತ್ತದೆ. ಸಂಶೋಧನೆಯನ್ನೇ ವೃತ್ತಿಯಾಗಿ ಉಳ್ಳವರು ಈ ಭಾಗವನ್ನು ಅಷ್ಟಾಗಿ ಚರ್ಚಿಸದೆ ಬಿಟ್ಟಿರುವುದು ಸೋಜಿಗದ ಸಂಗತಿ.

ಈ ಮೂರಕ್ಕೂ ಪೂರಕವಾಗಿ ನಾಲ್ಕನೆಯ ಸಾಧ್ಯತೆಯೊಂದಿದೆ: ಅರಿವು ಬಂದರೂ ಫಲಿಸದ ಒಲವು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1967ರಲ್ಲಿ ತೆರೆಗೆ ತಂದ 'ಬೆಳ್ಳಿಮೋಡ'ದಲ್ಲಿ ಆಸ್ತಿಗಾಗಿ ಇಂದಿರೆಯನ್ನು ಒಪ್ಪಿ, ಆಸ್ತಿ ಕೈತಪ್ಪಿದಾಗ ಅವಳನ್ನು ಬಿಟ್ಟ ಮೋಹನ, ಅಪಘಾತದ ಬಳಿಕ ಅವಳ ಆರೈಕೆಯಲ್ಲಿ ಚೇತರಿಸಿಕೊಳ್ಳುತ್ತ ಅವಳ ಬೆಲೆಯನ್ನು ಅರಿಯುತ್ತಾನೆ. ಇಂದಿರೆ ಒಪ್ಪುವುದಿಲ್ಲ. ಒಬ್ಬರಿಗೆ ತಡವಾಗಿ ತಿಳಿದುದಕ್ಕಾಗಿ ಮತ್ತೊಬ್ಬರು ಕಾದಿರಬೇಕೆಂಬ ಕಟ್ಟಳೆಯಿಲ್ಲ ಎಂಬುದನ್ನು ಅಂದಿನ ಪ್ರೇಕ್ಷಕರ ಮುಂದೆ ಅಷ್ಟು ನಿಚ್ಚಳವಾಗಿ ಇಟ್ಟ ಕೃತಿ ಅದು.

4

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ತಡವಾಗಿ ತಿಳಿಯುವ ಒಲವಿಗೆ ಇಷ್ಟು ಮನ್ನಣೆ ನೀಡುವುದು ನೈತಿಕ ಹೊಣೆಯಿಂದ ಪಾತ್ರಗಳನ್ನು ಪಾರುಮಾಡುವ ಉಪಾಯವಲ್ಲವೆ ಎಂಬುದು ಆ ಆಕ್ಷೇಪ. ಸದಾಶಿವರಾಯರ ಮನೆಯಲ್ಲಿ ನಾಗಲಕ್ಷ್ಮಿ ಇದ್ದಾಳೆ. 'ಗೊತ್ತೇ ಆಗಲಿಲ್ಲ' ಎಂಬ ಮಾತು ಅವಳ ಮುಂದೆ ನಿಲ್ಲುವುದಿಲ್ಲ. ಕೆಲಸದ ಹೆಸರಿನಲ್ಲಿ ಬೆಳೆದ ಸಲುಗೆಯನ್ನು ಗಂಡು ಗಮನಿಸದೆ ಹೋದುದಕ್ಕೆ ಕಾರಣ ಮುಗ್ಧತೆಯೋ ಅನುಕೂಲವೋ ಎಂದು ಕೇಳುವುದು ನ್ಯಾಯ. ಮಾರ್ಗದರ್ಶಕ ಮತ್ತು ವಿದ್ಯಾರ್ಥಿನಿಯರ ನಡುವಣ ಅಧಿಕಾರದ ಅಂತರವನ್ನು ಇಂದಿನ ಓದು ಕಡೆಗಣಿಸಲಾರದು.

ಆಕ್ಷೇಪ ಸರಿ. ಆದರೆ ಅದು ಈ ವಾದವನ್ನು ಬೀಳಿಸುವುದಿಲ್ಲ, ಹರಿತಗೊಳಿಸುತ್ತದೆ. ಒಲವಿನ ಕ್ರಮವನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಿದಾಗಲೇ ಯಾವ ಹೆಜ್ಜೆಯಲ್ಲಿ ಯಾರು ಕಣ್ಣುಮುಚ್ಚಿದರು ಎಂದು ಹೇಳಲು ಸಾಧ್ಯ. ಪ್ರೇಮವನ್ನು ದಿಢೀರ್ ಘಟನೆಯೆಂದು ಓದಿದರೆ ಹೊಣೆಯ ಪ್ರಶ್ನೆಯೇ ಮಾಯವಾಗುತ್ತದೆ. ಸಿಡಿಲಿಗೆ ಹೊಣೆಗಾರರಿಲ್ಲ.

ಇದರ ಮತ್ತೊಂದು ಮುಖ ಕಾತ್ಯಾಯನಿ. ಗಂಡನನ್ನು ಕಳೆದುಕೊಂಡ ಈಕೆ ಮಾವ ಶ್ರೀನಿವಾಸ ಶ್ರೋತ್ರಿಯವರ ಮನೆಯಿಂದ, ನಂಜನಗೂಡಿನಿಂದ ಮೈಸೂರಿಗೆ ರೈಲಿನಲ್ಲಿ ಓಡಾಡಿ ಕಾಲೇಜು ಓದುತ್ತಾಳೆ. ಅಧ್ಯಾಪಕ ರಾಜನೊಡನೆ ಅವಳ ಸಂಬಂಧ ಒಂದೇ ದಿನದಲ್ಲಿ ಆದುದಲ್ಲ. ಆದರೆ 'ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷ' ಎಂಬ ಸಿದ್ಧ ಶೀರ್ಷಿಕೆಯ ಕೆಳಗೆ ಅವಳನ್ನು ಓದುವಾಗ ಆ ದೀರ್ಘ ಅವಧಿ ಒಂದೇ ಪದಕ್ಕೆ ಕುಗ್ಗುತ್ತದೆ: 'ಆಕರ್ಷಣೆ', 'ಚಾಂಚಲ್ಯ', ಕೆಲವೊಮ್ಮೆ 'ಪತನ'. ಅವಳು ಯೋಚಿಸಿದುದು, ಹಿಂಜರಿದುದು, ತನ್ನನ್ನು ತಾನೇ ಪ್ರಶ್ನಿಸಿಕೊಂಡುದು ಎಲ್ಲವೂ ಈ ಪದಗಳ ಅಡಿಯಲ್ಲಿ ಹೂತುಹೋಗುತ್ತವೆ. ಕಾದಂಬರಿ ಅವಳಿಗೆ ವಿಧಿಸಿದ ದುರಂತವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅವಳಿಗೆ ಕಾದಂಬರಿಯೇ ಕೊಟ್ಟ ಅರಿವಿನ ಕಾಲವನ್ನು ವಿಮರ್ಶೆ ಕಸಿದುಕೊಳ್ಳಬಾರದು.

ಇದು ಸಾಹಿತ್ಯದ ಒಳಗಿನ ವಿವಾದವಷ್ಟೇ ಅಲ್ಲ. ಜಾತಿ ಮೀರಿ ಒಬ್ಬರನ್ನೊಬ್ಬರು ಆರಿಸಿಕೊಂಡ ಯುವಕ ಯುವತಿಯರನ್ನು ಮನೆಯವರೇ ಕೊಲ್ಲುವ ಸುದ್ದಿಗಳು ಕರ್ನಾಟಕದಲ್ಲಿ ನಿಂತಿಲ್ಲ. ಇಂತಹ ಸಂದರ್ಭಗಳಲ್ಲಿ ಹೆಣ್ಣಿನ ಆಯ್ಕೆಯನ್ನು ಅಲ್ಲಗಳೆಯಲು ಬಳಕೆಯಾಗುವ ಮೊದಲ ಮಾತು 'ವಯಸ್ಸಿನ ಹುಚ್ಚು' ಎಂಬುದು. ಒಲವೆಂದರೆ ದಿಢೀರನೆ ತಗಲುವ ಮರುಳು ಎಂಬ ನಂಬಿಕೆ ಈ ಮಾತಿಗೆ ಆಧಾರ. ಒಲವು ಒಂದು ತಿಳಿವಳಿಕೆಯೂ ಆಗಬಲ್ಲುದು, ಹೆಣ್ಣು ಬಹುಕಾಲ ನೋಡಿ, ತೂಗಿ, ತಿಳಿದು ಆರಿಸಿಕೊಳ್ಳಬಲ್ಲಳು ಎಂಬುದನ್ನು ತೋರಿಸುವ ಪಠ್ಯಗಳು ಕನ್ನಡದಲ್ಲಿವೆ. ಅವನ್ನು ಹಾಗೆ ಓದಿಸದಿದ್ದರೆ ಕನ್ನಡ ತರಗತಿಯೂ ಆ ನಂಬಿಕೆಗೆ ನೀರೆರೆದಂತೆ ಆಗುತ್ತದೆ.

5

ಮೇಲಿನ ನಿದರ್ಶನಗಳೆಲ್ಲ ಮಲೆನಾಡು ಮತ್ತು ಮೈಸೂರು ಸೀಮೆಯವು ಎಂಬುದನ್ನು ಮರೆಯಲಾಗದು. ಅಲ್ಲಿನ ಪಾತ್ರಗಳಿಗೆ ತಡವಾಗಿ ತಿಳಿದುಕೊಳ್ಳುವ ಅವಕಾಶವಿದೆ. ದೊಡ್ಡ ಮನೆ, ಓದುವ ಕೋಣೆ, ರೈಲಿನ ಪ್ರಯಾಣ, ಕಾಲೇಜು ಇವೆಲ್ಲ ಆ ಅವಕಾಶದ ರೂಪಗಳು. ಕಲಬುರಗಿ ಭಾಗದ ಕಥನಕ್ಕೆ ಬಂದಾಗ ಪ್ರಶ್ನೆಯೇ ಬದಲಾಗುತ್ತದೆ. ತಿಳಿಯಲು ಬೇಕಾದ ಕಾಲ ಯಾರಿಗಿದೆ?

ಕಲಬುರಗಿ ಸಮೀಪದ ಸಾವಳಗಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿಯೇ ಅಧ್ಯಾಪಕಿಯಾಗಿ ದುಡಿದ ಗೀತಾ ನಾಗಭೂಷಣ (1942–2020) ಅವರ 'ಹಸಿಮಾಂಸ ಮತ್ತು ಹದ್ದುಗಳು', 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಬದುಕು' ಮೊದಲಾದ ಕಾದಂಬರಿಗಳಲ್ಲಿ ಹಸಿವು, ದುಡಿಮೆ, ಉಳ್ಳವರ ದಬ್ಬಾಳಿಕೆ ಮತ್ತು ಹೆಣ್ಣಿನ ಮೈಮೇಲಿನ ಆಕ್ರಮಣಗಳೇ ಮುನ್ನೆಲೆಯಲ್ಲಿವೆ. ಈ ಕೃತಿಗಳನ್ನು ಬಂಡಾಯ, ಸ್ತ್ರೀವಾದ, ಪ್ರಾದೇಶಿಕತೆ ಎಂಬ ನೆಲೆಗಳಲ್ಲಿ ಚರ್ಚಿಸಲಾಗಿದೆ. ಅವು ಯೋಗ್ಯವಾದ ನೆಲೆಗಳೇ. ಆದರೆ ಒಲವಿನ ನೆಲೆಯಿಂದ ನಡೆದ ಚರ್ಚೆ ಕಡಿಮೆ. ದುಡಿಯುವವರ ಕಥೆಯಲ್ಲಿ ಶೋಷಣೆಯನ್ನು ಮಾತ್ರ ಕಾಣುವುದು, ಮೇಲುವರ್ಗದವರ ಕಥೆಯಲ್ಲಿ ಮಾತ್ರ ಮನಸ್ಸಿನ ಸೂಕ್ಷ್ಮಗಳನ್ನು ಹುಡುಕುವುದು, ಇದೂ ಒಂದು ಬಗೆಯ ತಾರತಮ್ಯವೇ. ಇಲ್ಲಿ ಒಲವು ಆಪ್ತ ಸಂಭಾಷಣೆಯಾಗಿ ಬರಬೇಕಿಲ್ಲ. ಬುತ್ತಿಯ ಪಾಲು, ತಲೆಯ ಮೇಲಿನ ಹೊರೆಗೆ ಕೊಟ್ಟ ಕೈ, ಬೈಗುಳದ ಒಳಗಿನ ಕಾಳಜಿ ಇವೇ ಅದರ ಚಿಹ್ನೆಗಳಾಗಬಹುದು. ಚಿಹ್ನೆಗಳ ಈ ವ್ಯಾಕರಣವನ್ನು ಬಲ್ಲ ಓದು ಇನ್ನೂ ರೂಪುಗೊಳ್ಳಬೇಕಾಗಿದೆ.

ಅದಕ್ಕೆ ಬೇಕಾದ ಸಾಮಗ್ರಿ ಈ ಭಾಗದ ಆಡುನುಡಿಯಲ್ಲಿಯೇ ಇದೆ. ಇಂಗ್ಲಿಷಿನ ಪಡಿಯಚ್ಚಾದ 'ಪ್ರೀತಿಯಲ್ಲಿ ಬೀಳು' ಎಂಬ ಪ್ರಯೋಗ ಇಂದು ಬರಹದಲ್ಲಿ ಧಾರಾಳವಾಗಿದೆ. ಅದು ಬೀಳುವ ಕ್ರಿಯೆ, ಆದ್ದರಿಂದ ಕ್ಷಣದ ಕ್ರಿಯೆ. ಕನ್ನಡದ 'ಹಚ್ಚಿಕೊಳ್ಳು' ಎಂಬುದು ಹಾಗಲ್ಲ. ಯಾವ ದಿನದಿಂದ ಹಚ್ಚಿಕೊಂಡದ್ದು ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. 'ಜೀವ ಹಚ್ಚಿಕೊಂಡಾಳ' ಎಂದು ಊರಿನವರು ಆಡುವ ಮಾತು ಬಹುಮಟ್ಟಿಗೆ ಅವಳು ತಾನಾಗಿ ಹೇಳಿಕೊಳ್ಳುವುದಕ್ಕಿಂತ ಮೊದಲೇ ಹೊರಡುವ ಮಾತು. ಅಂದರೆ ಕಾದಂಬರಿಯಲ್ಲಿ ಓದುಗನಿಗಿರುವ ಸ್ಥಾನ ಊರಿನಲ್ಲಿ ನೆರೆಹೊರೆಗಿದೆ. ಹಾಗೆಯೇ ಕನ್ನಡದಲ್ಲಿ 'ಅವಳಿಗೆ ತಿಳಿಯಿತು' ಎನ್ನುವಾಗ ತಿಳಿವಳಿಕೆ ಚತುರ್ಥೀ ವಿಭಕ್ತಿಯ ಮೂಲಕ ಅವಳ ಬಳಿಗೆ ಬರುತ್ತದೆ. ತಡವಾಗಿ ಬರುವ ಅರಿವನ್ನು ಹೇಳಲು ಭಾಷೆ ಮೊದಲೇ ಸಿದ್ಧವಾಗಿದೆ. ವಿಮರ್ಶೆಯ ಪರಿಭಾಷೆ ಮಾತ್ರ ಅದರ ಹಿಂದೆ ಬಿದ್ದಿದೆ.

ಜನಪದದ ಕಡೆಯಿಂದ ಇನ್ನೊಂದು ವಾದ ಬರಬಹುದು. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಸಂಕಲನದಿಂದ ಮೊದಲ್ಗೊಂಡು ಉತ್ತರ ಕರ್ನಾಟಕದ ತ್ರಿಪದಿಗಳಲ್ಲಿ ಕಾಣುವುದು ಮದುವೆಯ ಬಳಿಕ ಬೆಳೆದ ಒಲವು. ಹಿರಿಯರು ಗೊತ್ತುಮಾಡಿದ ದಾಂಪತ್ಯದಲ್ಲಿ ಕಾಲಕ್ರಮೇಣ ಹುಟ್ಟುವ ಈ ಪ್ರೀತಿಯೇ ನಿಜವಾದ ನಿಧಾನದ ಒಲವು, ಅದನ್ನು ಕಾದಂಬರಿಯಲ್ಲಿ ಹುಡುಕಬೇಕಾಗಿಲ್ಲ ಎಂದು ಹೇಳುವವರುಂಟು. ಆ ಹಾಡುಗಳ ಸೌಂದರ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ರೂಢಿಗೂ ಒಲವಿಗೂ ನಡುವೆ ಒಂದು ಗೆರೆಯಿದೆ. ತಿಳಿದ ಮೇಲೆ 'ಬೇಡ' ಎನ್ನುವ ಸ್ವಾತಂತ್ರ್ಯವಿದ್ದಲ್ಲಿ ಮಾತ್ರ ಅರಿವು ಅರಿವಾಗುತ್ತದೆ. ಬೆಳ್ಳಿಮೋಡದ ಇಂದಿರೆಗೆ ಆ ಸ್ವಾತಂತ್ರ್ಯವಿತ್ತು. ತವರನ್ನು ನೆನೆದು ಬೀಸುಕಲ್ಲಿನ ಮುಂದೆ ಹಾಡಿದ ಅನೇಕ ಹೆಣ್ಣುಮಕ್ಕಳಿಗೆ ಅದು ಇರಲಿಲ್ಲ. ತ್ರಿಪದಿಗಳನ್ನು ದಾಂಪತ್ಯದ ಮೆಚ್ಚುಗೆಯಾಗಿ ಓದುವಾಗ ಈ ಗೆರೆ ಅಳಿಸಿಹೋಗದಂತೆ ಎಚ್ಚರ ಬೇಕು.

6

ಕಮಲಾಪುರ ಇಂದು ಕಲಬುರಗಿ ಜಿಲ್ಲೆಯ ಒಂದು ತಾಲೂಕು. ಹೊರಗಿನವರಿಗೆ ಅದು ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯಿಂದ ಪರಿಚಿತ. ಇತರ ಬಾಳೆಗಳಿಗಿಂತ ಹೆಚ್ಚು ಕಾಲ ಹೊಲದಲ್ಲಿ ನಿಂತು ಗೊನೆಬಿಡುವ ಬೆಳೆ ಅದು. ಆ ಊರಿನಿಂದ, ಸುತ್ತಲಿನ ಹಳ್ಳಿಗಳಿಂದ ಹುಮನಾಬಾದ್ ರಸ್ತೆಯ ಬಸ್ಸುಗಳಲ್ಲಿ ಕಲಬುರಗಿಯ ಕಾಲೇಜುಗಳಿಗೆ ಬಂದುಹೋಗುವ ವಿದ್ಯಾರ್ಥಿನಿಯರಿದ್ದಾರೆ. 2023ರ ಜೂನ್ ತಿಂಗಳಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ಇಂತಹ ಓಡಾಟದ ಖರ್ಚಿನ ಹೊರೆಯನ್ನು ಇಳಿಸಿದೆ. ಕಾತ್ಯಾಯನಿಗೆ ನಂಜನಗೂಡು ಮೈಸೂರಿನ ನಡುವಣ ರೈಲು ಹೇಗೋ ಹಾಗೆ ಇವರಿಗೆ ಈ ಬಸ್ಸು. ಮನೆಯ ಕೆಲಸಕ್ಕೂ ತರಗತಿಗೂ ಸೇರದ, ತಮ್ಮದೇ ಆದ ಒಂದಿಷ್ಟು ಹೊತ್ತು ಅಲ್ಲಿ ಸಿಗುತ್ತದೆ. ಓದಿದ ಕಾದಂಬರಿ ಮನಸ್ಸಿನಲ್ಲಿ ಅರಳುವುದಕ್ಕೂ ತನ್ನ ಮನಸ್ಸು ತನಗೆ ತಿಳಿಯುವುದಕ್ಕೂ ಬೇಕಾದುದು ಇಂತಹ ಹೊತ್ತೇ. ಈ ಓದುಗರ ಕೈಗೆ ಕನ್ನಡ ವಿಭಾಗಗಳು ಏನನ್ನು ಕೊಡುತ್ತಿವೆ ಎಂಬುದು ಮುಖ್ಯವಾದ ಪ್ರಶ್ನೆ.

ಕಥಾಸಾರಾಂಶ ಬೇಡುವ ಪ್ರಶ್ನೆಪತ್ರಿಕೆಗೆ ಕಾದಂಬರಿಯ ಕಾಲ ಬೇಕಿಲ್ಲ. ಮಾರುಕಟ್ಟೆಯ ಗೈಡುಗಳು ಸಾಕು. 'ಸೀತೆಯ ಪಾತ್ರಚಿತ್ರಣ ಮಾಡಿ' ಎಂಬ ಪ್ರಶ್ನೆಯ ಬದಲು 'ಸೀತೆಗೆ ತನ್ನ ಮನಸ್ಸು ತಿಳಿದುದು ಯಾವ ಅಧ್ಯಾಯದಲ್ಲಿ, ಓದುಗನಿಗೆ ತಿಳಿದುದು ಯಾವ ಅಧ್ಯಾಯದಲ್ಲಿ' ಎಂದು ಕೇಳಿದರೆ ಗೈಡು ನೆರವಿಗೆ ಬಾರದು. ವಿದ್ಯಾರ್ಥಿ ಪುಸ್ತಕವನ್ನೇ ತೆರೆಯಬೇಕಾಗುತ್ತದೆ. ಸಂಶೋಧನೆಯ ಮಟ್ಟದಲ್ಲಿ ಎರಡು ಕೆಲಸಗಳು ಕಾದಿವೆ. ಕಲಬುರಗಿ, ಕಮಲಾಪುರ, ಆಳಂದ, ಸೇಡಂ, ಚಿಂಚೋಳಿ ಸೀಮೆಗಳ ಆಡುನುಡಿಯಲ್ಲಿ ಒಲವು, ಸಲುಗೆ, ರೂಢಿ, ಅಂತಃಕರಣಗಳನ್ನು ಸೂಚಿಸುವ ಮಾತುಗಳನ್ನು, ಉರ್ದು, ಮರಾಠಿ, ತೆಲುಗುಗಳಿಂದ ಬಂದವನ್ನೂ ಒಳಗೊಂಡು, ಪ್ರಯೋಗಸಹಿತ ಸಂಗ್ರಹಿಸುವುದು ಒಂದು. ಆ ಪದಕೋಶದ ಬೆಳಕಿನಲ್ಲಿ ಈ ಭಾಗದ ಕಾದಂಬರಿಗಳನ್ನು ಮತ್ತೊಮ್ಮೆ ಓದುವುದು ಇನ್ನೊಂದು. ಮೊದಲನೆಯದನ್ನು ಮಾಡಬಲ್ಲವರು ಆ ಊರುಗಳಿಂದಲೇ ಬಂದ ವಿದ್ಯಾರ್ಥಿಗಳು. ಪರಿಣತರ ದೊಡ್ಡ ಯೋಜನೆಗಾಗಿ ಕಾಯಬೇಕಾಗಿಲ್ಲ.

ಪರಿಭಾಷೆಗೆ 'ಅಸಂಲಕ್ಷ್ಯಕ್ರಮ'ವನ್ನು ಎರವಲು ಪಡೆಯುವುದೋ, ಆಡುನುಡಿಯ 'ಹಚ್ಚಿಕೊಳ್ಳುವಿಕೆ'ಯನ್ನೇ ಎತ್ತಿಕೊಳ್ಳುವುದೋ ಎಂಬುದು ಚರ್ಚೆಯಿಂದ ತೀರ್ಮಾನವಾಗಲಿ. ಎರಡನೆಯದಕ್ಕೆ ಒಂದು ಹೆಚ್ಚಿನ ಅರ್ಹತೆಯಿದೆ: ಅದನ್ನು ವಿದ್ಯಾರ್ಥಿನಿಗೆ ವಿವರಿಸಬೇಕಾಗಿಲ್ಲ, ಅದು ಅವಳ ಮನೆಯ ಮಾತು. ಯಾವ ಹೆಸರು ನಿಂತರೂ, ಪ್ರೇಮದ ಕಥೆಯನ್ನು ಓದುವಾಗ ಆರಂಭವನ್ನೂ ಅಂತ್ಯವನ್ನೂ ಬಿಟ್ಟು ನಡುವಣ ಕಾಲದ ಕಡೆಗೆ ತರಗತಿಯ ಗಮನ ಹೊರಳಿದರೆ ಕನ್ನಡ ಕಾದಂಬರಿಯ ಅನೇಕ ಹೆಣ್ಣುಪಾತ್ರಗಳಿಗೆ ತಡವಾಗಿಯಾದರೂ ನ್ಯಾಯ ದೊರೆತಂತಾಗುತ್ತದೆ.